ಮೈಸೂರಿನ ಹವೆಯಲ್ಲೂ ವಿಮಾನಕ್ಕೆ ಐಸ್ ಕಟ್ಟುತ್ತಾ? ಅನುಭವ ಇರೋರು ಹೇಳಿ

ಮಂಡ್ಯದ ಹುಡುಗಿ: ಮೈಸೂರು ಏರ್‌ಪೋರ್ಟ್ ಇರೋ ಮಂಡಕಳ್ಳಿಯಲ್ಲಿ ಸೆಸ್ನಾ 152 ಅನ್ನೋ ಎರಡು ಸೀಟಿನ ಪುಟ್ಟ ವಿಮಾನ ಹಾರಿಸೋದು ಕಲೀತಿದ್ದೀನಿ. ಉಳಿದ ಹಾರಾಟದ ಗಂಟೆಗಳನ್ನ ಮುಗಿಸೋಕೆ ಜನವರಿಯಲ್ಲಿ ಕೆನಡಾಗೆ ಹೊರಟಿದ್ದೀನಿ. ಐಸಿಂಗ್ ಪಾಠ ಪರೀಕ್ಷೆಗೆ ಬಾಯಿಪಾಠ ಆಗಿದೆ, ಅಷ್ಟೇ. ನಮ್ಮೂರ ಕಡೆ ಯಾರಿಗಾದ್ರೂ ನಿಜವಾಗ್ಲೂ ಆಗಿದ್ಯಾ? ಅಲ್ಲಿಗೆ ಹೋದ್ಮೇಲೆ ಯಾವುದಕ್ಕೆ ಹೆದರಬೇಕು?

ಕುವೆಂಪುನಗರದ ಹಳೇ ಇನ್‌ಸ್ಟ್ರಕ್ಟರ್: ಆಗಿದೆ ಕಣಮ್ಮ, ನನಗೇ ಆಗಿದೆ. ನಾನಿನ್ನೂ ಕಲೀತಿದ್ದ ಕಾಲ. ಆಗಸ್ಟ್, ಜಿಟಿಜಿಟಿ ಮಳೆ ಆಗತಾನೆ ನಿಂತಿತ್ತು. ಕೆಆರ್‌ಎಸ್ ಹಿನ್ನೀರಿನ ಮೇಲೆ 4,500 ಅಡಿ, ಹೊರಗೆ 20 ಡಿಗ್ರಿ. ಆರ್‌ಪಿಎಂ 2,300ರಿಂದ ಮೆಲ್ಲಗೆ 2,200ಕ್ಕೆ ಇಳೀತು. ಥ್ರಾಟಲ್ (ಎಂಜಿನ್ ಪವರ್ ಹೆಚ್ಚು-ಕಮ್ಮಿ ಮಾಡೋ ನಾಬ್) ಜಾರಿರಬೇಕು ಅಂತ ಒಂಚೂರು ತಳ್ಳಿದೆ. ಮತ್ತೆ ಇಳೀತು, ಮತ್ತೆ ತಳ್ಳಿದೆ. ದಡ್ಡ ಕೆಲಸ. ನಡುಕ ಶುರುವಾದ್ಮೇಲೆ ಕಾರ್ಬ್ ಹೀಟ್, ಅಂದ್ರೆ ಎಕ್ಸಾಸ್ಟ್ ಬಿಸೀಲಿ ಕಾದ ಗಾಳಿಯನ್ನ ಕಾರ್ಬುರೇಟರ್‌ಗೆ ಬಿಡೋ ನಾಬ್, ಎಳೆದೆ ನೋಡು, ಎಂಜಿನ್ ಇನ್ನೂ ಜೋರಾಗಿ ಕೆಮ್ಮೋಕೆ ಶುರು ಮಾಡ್ತು! ಎಳೆದಿದ್ದೇ ತಪ್ಪಾಯ್ತು ಅಂತ ನಾಬ್ ವಾಪಸ್ ತಳ್ಳೋಕೆ ಹೋದರೆ ಪಕ್ಕದಲ್ಲಿದ್ದ ಗುರುಗಳು ನನ್ನ ಮಣಿಕಟ್ಟನ್ನೇ ಹಿಡ್ಕೊಂಡ್ರು. “ಕರಗಿದ ನೀರು ಕುಡೀತಿದೆ, ಕುಡೀಲಿ ಬಿಡು” ಅಂದ್ರು. ಅರ್ಧ ನಿಮಿಷ ಇರಬಹುದು. ಕೆಳಗೆ ಬರೀ ನೀರು. ಆಮೇಲೆ ಆರ್‌ಪಿಎಂ ತಾನಾಗೇ ಏರಿತು.

ಕೈ ಮೇಲೆ ಪೆಟ್ರೋಲ್ ಚೆಲ್ಲಿದ್ರೆ ತಣ್ಣಗಾಗುತ್ತಲ್ಲ, ಕಾರ್ಬುರೇಟರ್ ಒಳಗೂ ಅದೇ. ಪೆಟ್ರೋಲ್ ಆವಿಯಾಗ್ತಾ ಬಿಸಿ ಹೀರುತ್ತೆ, ವೆಂಚುರಿ ಅನ್ನೋ ಸಣ್ಣ ಕೊಳವೆಯ ಇಕ್ಕಟ್ಟಲ್ಲಿ ಒತ್ತಡ ಬಿದ್ದು ಗಾಳಿ ಇನ್ನೂ ತಣ್ಣಗಾಗುತ್ತೆ. ಎರಡೂ ಸೇರಿ 20–30 ಡಿಗ್ರಿ ಇಳಿದುಬಿಡಬಹುದು. ಗಾಳಿಯಲ್ಲಿ ತೇವ ಇದ್ರೆ ಸಾಕು, ಊರು ಮೈಸೂರಾದ್ರೇನು, ಮಂಗಳೂರಾದ್ರೇನು. ಲ್ಯಾಂಡಿಂಗ್‌ಗೆ ಬರೋವಾಗ ಪವರ್ ತೆಗೆಯೋ ಮೊದಲೇ ಹೀಟ್ ಎಳಿ. ಐಡಲ್‌ನಲ್ಲಿ ಎಕ್ಸಾಸ್ಟ್ ತಣ್ಣಗಾದ್ಮೇಲೆ ಆ ಬಿಸಿ ಎಲ್ಲಿಂದ ಬರಬೇಕು?

ಹ್ಯಾಂಗರ್‌ನವನು: ನಮ್ಮಪ್ಪ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿದ್ದೋರು, ಕಾರ್ಬುರೇಟರ್ ಬಿಚ್ಚೋದು ನಮ್ಮನೇಲಿ ಭಾನುವಾರದ ಕೆಲಸ. ಒಂದೇ ಮಾತು: ಹೀಟ್ ಎಳೆದಾಗ ಗಾಳಿ ಫಿಲ್ಟರ್ ಇಲ್ಲದೆ ನೇರ ಒಳಗೆ ಹೋಗುತ್ತೆ. ಧೂಳಲ್ಲಿ ಎಳೆದಿಟ್ಕೊಂಡು ಟ್ಯಾಕ್ಸಿ ಮಾಡಬೇಡಿ, ಆಮೇಲೆ ಬಿಚ್ಚೋರು ನಾವು. ಕೆನಡಾದಲ್ಲಿ ಸೆಸ್ನಾ 172ಎಸ್ ಕೊಟ್ರೆ ಆ ನಾಬ್ ಹುಡುಕಬೇಡಿ, ಅದು ಇಂಜೆಕ್ಷನ್ ಎಂಜಿನ್, ಕಾರ್ಬುರೇಟರೇ ಇಲ್ಲ.

ಸರಸ್ವತಿಪುರಂನೋನು, ಈಗ ವಿನ್ನಿಪೆಗ್: ರೆಕ್ಕೆಗೆ ಕಟ್ಟೋ ಐಸ್ ಬೇರೆ ಜಾತಿ. ಮೈಸೂರಲ್ಲಿ ಸೊನ್ನೆ ಡಿಗ್ರಿ ಸಿಗೋಕೆ ಸುಮಾರು 16,000 ಅಡಿ ಹತ್ತಬೇಕು, ನಿಮ್ಮ 152 ಅಲ್ಲಿಗೆ ಏರೋದೇ ಇಲ್ಲ. ಇಲ್ಲಿ ಜನವರಿಯಲ್ಲಿ ಸೊನ್ನೆ ಅನ್ನೋದು ಕಾಲಡಿಯಲ್ಲೇ. ಮೋಡದ ಹನಿ ಸೊನ್ನೆಗಿಂತ ಕೆಳಗಿಳಿದ್ರೂ ನೀರಾಗೇ ತೇಲ್ತಿರುತ್ತೆ, ರೆಕ್ಕೆ ತಾಗಿದ್ದೇ ತಡ ಗಟ್ಟಿ. ನನಗೆ ಮೊದಲು ಕಂಡಿದ್ದು ಹೊರಗೆ ಚಾಚಿರೋ ಟೆಂಪರೇಚರ್ ಕಡ್ಡಿಯ ತುದೀಲಿ. ಮಂಡ್ಯದವರಿಗೆ ಹೇಳೋದಾದ್ರೆ, ಸಕ್ಕರೆ ಹರಳು ಅಂಟಿದ ಹಾಗೆ. ಚೆನ್ನಾಗಿದೆ ಅಂತ ನೋಡ್ತಾ ಕೂತೆ! ಹತ್ತು ನಿಮಿಷಕ್ಕೆ ಫುಲ್ ಥ್ರಾಟಲ್ ಕೊಟ್ರೂ 15 ನಾಟ್ ಸ್ಪೀಡ್ ಹೋಗಿತ್ತು. ಬಂದ ದಾರೀಲೇ ತಿರುಗಿಸಿದೆ. ಲ್ಯಾಂಡಿಂಗ್‌ನಲ್ಲಿ ಫ್ಲಾಪ್ (ರೆಕ್ಕೆಯ ಹಿಂದೆ ಕೆಳಗಿಳಿಸೋ ಹಲಗೆ) ಮುಟ್ಟಲಿಲ್ಲ, ಯಾಕಂದ್ರೆ ಬಾಲಕ್ಕೆ ಐಸ್ ಕಟ್ಟಿದ್ರೆ ಫ್ಲಾಪ್ ಇಳಿಸಿದಾಗ ಬಾಲವೇ ಸ್ಟಾಲ್ ಆಗಿ, ಅಂದ್ರೆ ಗಾಳಿಯ ಹಿಡಿತ ತಪ್ಪಿ, ಮೂಗು ಕುಕ್ಕಬಹುದು. ಸ್ಪೀಡೂ ಜಾಸ್ತಿ ಇಟ್ಕೊಂಡೇ ಇಳಿದೆ.

ಭಾರಕ್ಕೆ ಹೆದರಬೇಡಿ, ರೆಕ್ಕೆಯ ಆಕಾರ ಕೆಡೋದಕ್ಕೆ ಹೆದರಿ. ಒರಟು ಸ್ಯಾಂಡ್‌ಪೇಪರಿನಷ್ಟು ಐಸ್ ಸಾಕು, ಲಿಫ್ಟ್ (ವಿಮಾನವನ್ನ ಮೇಲೆತ್ತೋ ಬಲ) ಶೇ. 30ರವರೆಗೆ ಬೀಳಬಹುದು. 1994ರಲ್ಲಿ ಅಮೆರಿಕದ ರೋಸ್‌ಲಾನ್ ಹತ್ತಿರ ಎಟಿಆರ್ 72 ಅನ್ನೋ ಪ್ಯಾಸೆಂಜರ್ ವಿಮಾನ ಬಿದ್ದು 68 ಜನ ಹೋದ್ರು. ಐಸ್ ಒಡೆಯೋ ರಬ್ಬರ್ ಬೂಟ್ ಇದ್ದ ವಿಮಾನ ಅದು, ಬೂಟ್ ಮುಟ್ಟದ ಜಾಗದಲ್ಲಿ ಹಿಂದಕ್ಕೆ ಕಟ್ಟಿತ್ತು. ನಮ್ಮ ಚಿಕ್ಕ ಸೆಸ್ನಾಕ್ಕೆ ಅದೂ ಇಲ್ಲ. ಮೋಡ, ಮೈನಸ್ ಎರಡೂ ಫೋರ್‌ಕಾಸ್ಟ್‌ನಲ್ಲಿದ್ರೆ ಹೋಗ್ಲೇಬೇಡಿ.

ಮಂಡ್ಯದ ಹುಡುಗಿ: ಥ್ಯಾಂಕ್ಸ್ ಅಣ್ಣ, ಥ್ಯಾಂಕ್ಸ್ ಸಾರ್. ಬೆಳಿಗ್ಗೆ ತೆಳ್ಳಗೆ ಫ್ರಾಸ್ಟ್ ಕೂತಿದ್ರೆ ಎಟಿಎಂ ಕಾರ್ಡಲ್ಲಿ ಕೆರೀಬಹುದಾ?

ಸರಸ್ವತಿಪುರಂನೋನು: ಬೇಡಮ್ಮ. ಮುಂದಿನ ಗಾಜಂತೂ ಗಾಜಲ್ಲ, ಪ್ಲಾಸ್ಟಿಕ್. ಗೀರು ಬಿದ್ರೆ ಬಿಲ್ ನಿನ್ನ ಹೆಸರಿಗೇ. ಬೆಚ್ಚಗಿನ ಹ್ಯಾಂಗರ್‌ಗೆ ತಳ್ಳಿಸಿ ಪೂರ್ತಿ ಕರಗಿಸು. ಹೊರಗೆ ತರೋ ಮೊದಲು ಏಲೆರಾನ್ (ವಿಮಾನ ಪಕ್ಕಕ್ಕೆ ವಾಲಿಸೋ ರೆಕ್ಕೆ ತುದಿಯ ಹಲಗೆ) ಹಿಂಜ್‌ಗಳ ಸಂದೀಲಿ ಬೆರಳಿಟ್ಟು ನೋಡಿ ಒರೆಸು, ಆ ನೀರೇ ಆಚೆ ಬಂದ ತಕ್ಷಣ ಮತ್ತೆ ಹೆಪ್ಪುಗಟ್ಟೋದು.