ಲಾನ್ ಟ್ರ್ಯಾಕ್ಟರ್ ಮಗುಚಿ ತಮ್ಮನ ಕಾಲು ಮುರಿದಿದೆ, ಕಂಟ್ರಾಕ್ಟರ್ ಕೈ ಎತ್ತುತ್ತಿದ್ದಾರೆ

ವೈಟ್‌ಫೀಲ್ಡ್_ಅಣ್ಣ:
ತಮ್ಮ ಒಂದು ಐಟಿ ಕ್ಯಾಂಪಸ್‌ನಲ್ಲಿ ಗಾರ್ಡನ್ ಕೆಲಸ ಮಾಡುತ್ತಾನೆ, ಕಂಟ್ರಾಕ್ಟರ್ ಕೈಕೆಳಗೆ. ಹೋದ ವಾರ ಮಳೆ ನಿಂತ ಕೂಡಲೇ ಇಳಿಜಾರಿನ ಹುಲ್ಲು ಕತ್ತರಿಸಲು ಕಳಿಸಿದ್ದಾರೆ, ಕೂತು ಓಡಿಸುವ ಮೊವರ್ ಜಾರಿ ಅವನ ಮೇಲೇ ಮಗುಚಿದೆ. ಕಾಲಿಗೆ ರಾಡ್ ಹಾಕಿದ್ದಾರೆ, ಮೂರು ತಿಂಗಳು ಊರಬಾರದಂತೆ. ಕಂಟ್ರಾಕ್ಟರ್ ಕೇಳಿದರೆ 'ಅವನೇ ಅಡ್ಡಾದಿಡ್ಡಿ ಓಡಿಸಿದ್ದು, ಆಸ್ಪತ್ರೆ ಬಿಲ್ ಕಟ್ಟಿದ್ದೀನಲ್ಲ' ಅಂತಾರೆ. ಸಂಬಳ 17 ಸಾವಿರ, ಸ್ಲಿಪ್‌ನಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಂತು ಹಿಡಿದಿದ್ದಾರೆ. ಮುಂದೇನು ಮಾಡೋದು?

ಪೀಣ್ಯ_ಯೂನಿಯನ್:
ಇಎಸ್‌ಐ ಇದೆ ಅಂದರೆ ಅರ್ಧ ಚಿಂತೆ ಬಿಡಿ. ಅವನ ಅಜಾಗರೂಕತೆ ಅಂದ ಮಾತ್ರಕ್ಕೆ ಹಣ ತಪ್ಪಲ್ಲ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನುವ ಷರತ್ತೂ ಇಲ್ಲ, ಸೇರಿದ ಮೊದಲ ದಿನ ಬಿದ್ದರೂ ಸಿಗುತ್ತದೆ. ಕೆಲಸಕ್ಕೆ ಹೋಗಲಾಗದಷ್ಟು ದಿನ ಕೂಲಿಯ ಶೇ 90 ಬರುತ್ತದೆ. ಆದರೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು, ಖಾಸಗಿ ಆಸ್ಪತ್ರೆಯ ಡಿಸ್ಚಾರ್ಜ್ ಪೇಪರ್ ಹಿಡಿದು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. ಮಾಲೀಕರು ನಮೂನೆ 12ರಲ್ಲಿ ಅಪಘಾತದ ವರದಿ ಕೊಡಬೇಕು. ಕೊಡದಿದ್ದರೆ ಇಎಸ್‌ಐ ಶಾಖಾ ಕಚೇರಿಗೆ ನೀವೇ ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಕಾಲು ಮೊದಲಿನಂತೆ ಆಗದಿದ್ದರೆ ಮುಂದೆ ಎಷ್ಟು ಊನವಾಗಿದೆ ಅಂತ ನೋಡುವ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು.

ಟರ್ಫ್_ಮೆಕ್ಯಾನಿಕ್:
ಗಾಲ್ಫ್ ಕೋರ್ಸ್ ಮಶೀನ್ ರಿಪೇರಿ ನನ್ನ ಕೆಲಸ. ಒದ್ದೆ ಹುಲ್ಲಿನ ಇಳಿಜಾರಿಗೆ ಇದನ್ನು ಇಳಿಸಲೇಬಾರದು. ಒಣಗಿದ್ದರೂ ಅಡ್ಡಡ್ಡ ಓಡಿಸಬಾರದು, ನೇರ ಮೇಲೆ ಕೆಳಗೆ ಓಡಿಸಬೇಕು. 15 ಡಿಗ್ರಿ ದಾಟಿದರೆ ಕೈಯಲ್ಲಿ ಹಿಡಿದು ಹುಲ್ಲು ಕತ್ತರಿಸುವ ಬ್ರಷ್ ಕಟರ್ ಬಳಸೋದೇ ವಾಸಿ. ಸೀಟಿನ ಹಿಂದೆ ಕಮಾನಿನಂಥ ಕಬ್ಬಿಣ, ಮಗುಚಿದಾಗ ಓಡಿಸುವವನನ್ನು ಕಾಯುವ ರೋಲ್ ಬಾರ್, ಇತ್ತಾ? ಸೀಟ್ ಸ್ವಿಚ್‌ಗೆ ವೈರ್ ಸುತ್ತಿದ್ದರಾ ಅಂತಲೂ ವಿಚಾರಿಸಿ. ಆ ಸ್ವಿಚ್ ಸರಿಯಿದ್ದರೆ ಆಸಾಮಿ ಸೀಟಿಂದ ಎದ್ದ ಕೂಡಲೇ ಬ್ಲೇಡ್ ನಿಲ್ಲುತ್ತದೆ. ಪದೇ ಪದೇ ಆಫ್ ಆಗುತ್ತೆ ಅಂತ ಬಹಳ ಕಡೆ ಬೈಪಾಸ್ ಮಾಡಿಬಿಡ್ತಾರೆ, ಪಾಪ ಕಾಲು ಬೆರಳು ಹೋಗೋದು ಅಲ್ಲೇ.

ವೈಟ್‌ಫೀಲ್ಡ್_ಅಣ್ಣ:
ಬಾರ್ ಇತ್ತಂತೆ. ಕೊಂಬೆಗೆ ತಾಗುತ್ತೆ ಅಂತ ಸೂಪರ್‌ವೈಸರ್ ಮಡಚಿಡಿಸಿದ್ದರು. ಬೆಲ್ಟ್ ಹಾಕಿರಲಿಲ್ಲ.

ಟರ್ಫ್_ಮೆಕ್ಯಾನಿಕ್:
ಮಡಚಿದ್ದಾಗ ಬೆಲ್ಟ್ ಹಾಕಬಾರದು ಸಾರ್, ಮಗುಚಿದರೆ ಮಶೀನ್ ಅಡಿಯಲ್ಲೇ ಸಿಕ್ಕಿಹಾಕಿಕೊಳ್ತಾರೆ. ಬಾರ್ ಎತ್ತಿದ್ದರೆ ಮಾತ್ರ ಬೆಲ್ಟ್. ಅವರು ಬಾರ್ ನೆಟ್ಟಗೆ ಮಾಡೋ ಮುಂಚೆ ಮಶೀನ್ ಫೋಟೋ ತೆಗೆಸಿ.

ಪೀಣ್ಯ_ಯೂನಿಯನ್:
ಕ್ಯಾಂಪಸ್ ಕಂಪನಿಗೂ ಒಂದು ಮೇಲ್ ಹಾಕಿ. ಕಂಟ್ರಾಕ್ಟರ್ ಕಂತು ಕಟ್ಟದೆ ಉಳಿಸಿಕೊಂಡಿದ್ದರೂ ಇಎಸ್‌ಐಗೆ ಅದನ್ನು ತುಂಬುವ ಹೊಣೆ ಕ್ಯಾಂಪಸ್ ಕಂಪನಿಯದೇ. ಸಿಸಿಟಿವಿ ದೃಶ್ಯ ಅಳಿಸಬೇಡಿ ಅಂತಲೂ ಅದರಲ್ಲೇ ಬರೆಯಿರಿ, ಇವತ್ತೇ.