ತುರ್ತಾಗಿ ಪದ ಬೇಕು: ಕರಾರು ಕಾಯ್ದೆಯ ‘ಮಿಸ್ಟೇಕ್’

ಕಲಬುರಗಿಯಿಂದ:
ನಮಸ್ಕಾರ. ಹಳ್ಳಿಯೊಂದರಲ್ಲಿ ಕಾನೂನು ಅರಿವು ಶಿಬಿರ ಇದೆ. ಫ್ಲೆಕ್ಸ್ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. 1872ರ ಕರಾರು ಕಾಯ್ದೆಯ 20ರಿಂದ 22ನೇ ಕಲಂ ಸಾರ ಹಾಕಬೇಕು. ‘ಇಬ್ಬರಿಂದಲೂ ತಪ್ಪಾದರೆ ಕರಾರು ರದ್ದು’ ಅಂತ ಬರೆದಿದ್ದೆ. ಪ್ರಿಂಟಿಂಗ್ ಅಂಗಡಿಯ ಹುಡುಗ ಓದಿ, “ಇಬ್ರೂ ಮಾತಿಗೆ ತಪ್ಪಿದ್ರ ರದ್ದಾಗ್ತದೇನ್ರಿ ಸರ್?” ಅಂದ. ‘ತಪ್ಪು’ ಬಿಟ್ಟು ಬೇರೆ ಏನು ಹಾಕಲಿ? ‘ಭ್ರಮೆ’ ಬೇಡ, ತಲೆ ಕೆಟ್ಟವರ ವಿಷಯ ಅನಿಸುತ್ತದೆ.

ಬೀದರಿನಿಂದ:
ಹುಡುಗ ಓದಿದ್ದೇ ಸರಿ. ‘ತಪ್ಪು’ ಮೊದಲು ಕ್ರಿಯಾಪದ. ದಾರಿ ತಪ್ಪುತ್ತದೆ, ಬಸ್ಸು ತಪ್ಪುತ್ತದೆ, ಮಾತು ತಪ್ಪುತ್ತದೆ. ಕರಾರಿನ ಪಕ್ಕ ಇಟ್ಟರೆ ಕರಾರು ಮುರಿದದ್ದು ಅಂತಲೇ ಓದುತ್ತಾರೆ. ‘ತಪ್ಪರಿವು’ ಅನ್ನಿ, ಮುಗೀತು. ಇನ್ನೊಂದು, ‘ಕರಾರು’, ‘ರದ್ದು’ ಎರಡೂ ಅರಬ್ಬಿ. ‘ಒಪ್ಪು’ವಿನಿಂದ ಹುಟ್ಟಿದ ‘ಒಪ್ಪಂದ’ ಇದೆಯಲ್ಲ, ಅದಕ್ಕೇನಾಗಿದೆ? ‘ರದ್ದು’ ತೆಗೆದು ‘ಬರಿದು’ ಹಾಕಿ.

ಯಾದಗಿರಿಯಿಂದ, ವಕೀಲ:
‘ತಪ್ಪರಿವು’ ಯಾರಿಗೂ ತಿಳಿಯಲ್ಲ. ಪದ ಕಟ್ಟುವ ಮೊದಲು ಕಲಂ ಓದಿ. ಗೋದಾಮಿನಲ್ಲಿರುವ ನೂರು ಚೀಲ ತೊಗರಿಗೆ ವ್ಯಾಪಾರ ಆಯ್ತು ಅನ್ನಿ. ಆ ಗೋದಾಮು ಹಿಂದಿನ ರಾತ್ರಿಯೇ ಸುಟ್ಟುಹೋಗಿದೆ. ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಇದು 20. ಇಲ್ಲಿ ಯಾರ ತಪ್ಪೂ ಇಲ್ಲ, ಇಲ್ಲದ ಮಾಲನ್ನು ಇಬ್ಬರೂ ಇದೆ ಅಂದುಕೊಂಡಿದ್ದರು ಅಷ್ಟೇ. ಮುಂಗಡ ಕೊಟ್ಟಿದ್ದರೆ 65ರ ಪ್ರಕಾರ ವಾಪಸ್ ಕೊಡಬೇಕು. ಅದೇ ಮಾಲು ಇದ್ದು, ‘ರೇಟು ಏರ್ತದ ಅಂದ್ಕೊಂಡಿದ್ದೆ’ ಅಂದರೆ ನಡೆಯಲ್ಲ. ಬೆಲೆಯ ತಪ್ಪು ಅಂದಾಜು ಇದರೊಳಗೆ ಬರೋದಿಲ್ಲ ಅಂತ ಆ ಕಲಂನ ವಿವರಣೆಯೇ ಹೇಳುತ್ತದೆ. ಒಬ್ಬನೇ ತಪ್ಪು ತಿಳಿದಿದ್ದ ಅನ್ನುವ ಒಂದೇ ಕಾರಣಕ್ಕೂ ಕರಾರು ಬೀಳಲ್ಲ, ಅದು 22. ಇಲ್ಲಿಯ ಕಾನೂನು ಗೊತ್ತಿರಲಿಲ್ಲ ಅಂದರೂ ಬೀಳಲ್ಲ, ಅದು 21.

‘ರದ್ದು’ ಬೇಡ ಅನ್ನೋದಕ್ಕೆ ನನ್ನದೂ ಒಪ್ಪಿಗೆ ಇದೆ, ಆದರೆ ಅರಬ್ಬಿ ಅಂತಲ್ಲ. ಇದ್ದದ್ದನ್ನು ತಾನೇ ರದ್ದು ಮಾಡೋದು? ಮೋಸದಿಂದಲೋ ಬೆದರಿಸಿಯೋ ಸಹಿ ಹಾಕಿಸಿಕೊಂಡಿದ್ದರೆ, ಸಹಿ ಹಾಕಿದವನು ಬೇಕಿದ್ದರೆ ರದ್ದು ಮಾಡಿಸಬಹುದು, ಬೇಡವಾದರೆ ಹಾಗೇ ನಡೆಸಬಹುದು. ಅದು 19. ತೊಗರಿಯ ಕರಾರು ಹುಟ್ಟಿದ್ದೇ ಇಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ಶಿಬಿರದಲ್ಲಿ ನಾಳೆ ನೀವೇ ಉತ್ತರ ಹೇಳಬೇಕಾಗುತ್ತದೆ. ‘ಶೂನ್ಯ’ ಬರೆಯಿರಿ.

ಬೀದರಿನಿಂದ:
ಅರಬ್ಬಿ ಬಿಡಿಸಿ ಸಂಸ್ಕೃತ ಅಂಟಿಸೋದಾ? ಚೆನ್ನಾಗಿದೆ.

ಸೇಡಂನಿಂದ:
1948ರವರೆಗೆ ನಮ್ಮ ಕಡೆ ಸರ್ಕಾರಿ ಭಾಷೆ ಉರ್ದು. ‘ಕರಾರು’, ‘ದಸ್ತಾವೇಜು’, ‘ರುಜು’ ಇವೆಲ್ಲ ರೈತರ ಬಾಯಲ್ಲಿ ಪಳಗಿದ ಮಾತು. ಅಡತಿ ಅಂಗಡಿಯಲ್ಲಿ ಕೂತು ‘ಬರಿದು’ ಅಂದು ನೋಡಿ, ಚೀಲ ಖಾಲಿ ಇದೆ ಅಂದ್ಕೊಂಡು ಎದ್ದು ಹೋಗ್ತಾರೆ. ಕೇಳಿದವರಿಗೆ ಬೇಕಾದ ಪದವೂ ನಮ್ಮ ಬೀದಿಯಲ್ಲೇ ಇದೆ: ‘ಗಲತ್‌ಫಹಮಿ’, ಅಂದರೆ ತಪ್ಪು ತಿಳಿವಳಿಕೆ.

ಯಾದಗಿರಿಯಿಂದ, ವಕೀಲ:
ಅದು ಬೀಗರ ನಡುವೆ ಆಗೋದು. ಬೋರ್ಡಿಗೆ ಬೇಡ.

ಕಲಬುರಗಿಯಿಂದ:
ಜಗಳ ಆಮೇಲೆ ಮಾಡೋಣ, ಅಂಗಡಿಯಿಂದ ಫೋನ್ ಮೇಲೆ ಫೋನ್ ಬರ್ತಿದೆ. ಒಂದೇ ಪದದ ಆಸೆ ಬಿಟ್ಟೆ. ಹೀಗೆ ಕಳಿಸಲಾ? ‘ಮುಖ್ಯ ಸಂಗತಿಯನ್ನೇ ಇಬ್ಬರೂ ತಪ್ಪಾಗಿ ತಿಳಿದು ಮಾಡಿಕೊಂಡ ಕರಾರು ಕಾಯ್ದೆ ಪ್ರಕಾರ ನಿಲ್ಲುವುದಿಲ್ಲ. ಒಬ್ಬರೇ ತಪ್ಪಾಗಿ ತಿಳಿದಿದ್ದರೆ, ಅದೊಂದೇ ಕಾರಣಕ್ಕೆ ಬೀಳುವುದಿಲ್ಲ.’

ಯಾದಗಿರಿಯಿಂದ, ವಕೀಲ:
‘ನಿಲ್ಲುವುದಿಲ್ಲ’ಕ್ಕೆ ಮುಂಚೆ ‘ಮೊದಲಿಂದಲೇ’ ಸೇರಿಸಿ. ಇಲ್ಲದಿದ್ದರೆ 19ರ ಜೊತೆ ಕಲಸಿಹೋಗುತ್ತದೆ. ಉಳಿದದ್ದು ಸರಿ ಇದೆ, ಕಳಿಸಿ.

ಬೀದರಿನಿಂದ:
‘ಕಾಯ್ದೆ’ಯೂ ಅರಬ್ಬಿ.