ಹಳೇ ಮನೆ ಮ್ಯೂಸಿಯಂ: ಗೋಡೆ ಕೆರೆಯಲೇ, ಬೇಡವೇ?

ಪ್ರಶ್ನೆ: ನಮಸ್ಕಾರ ಮೇಡಂ. ನೂರೈವತ್ತು ವರ್ಷದ ಮನೆಯೊಂದು ಈಗ ಮ್ಯೂಸಿಯಂ. ಕೆತ್ತನೆ ಕುರ್ಚಿ, ರೇಷ್ಮೆ ಪರದೆ, ಪಿಂಗಾಣಿ, ಗಡಿಯಾರ ಎಲ್ಲ ಇವೆ. ನಾನು ಅಲ್ಲಿ ಹೊಸಬ. ಹಾಲ್‌ನಲ್ಲಿ ಬಿಳಿ ಬಣ್ಣ ಎದ್ದ ಕಡೆ ಕೆಳಗೆ ಹಸಿರು ಕಾಣುತ್ತಿದೆ. ಪೂರ್ತಿ ಕೆರೆದು ಅದೇ ಹಸಿರು ಹೊಡೆಸೋಣ ಅನ್ನುತ್ತಿದ್ದಾರೆ. ಸರಿಯೇ?

ಉತ್ತರ: ದಯವಿಟ್ಟು ಕೆರೆಸಬೇಡಿ. ಬಣ್ಣ ಯಾಕೆ ಎದ್ದಿತು ಅಂತ ಮೊದಲು ನೋಡಿ. ಸಾಮಾನ್ಯವಾಗಿ ನೀರೇ ಕಾರಣ. ಸುಣ್ಣದ ಗಾರೆ ಗೋಡೆಗೆ ಯಾರಾದರೂ ಸಿಮೆಂಟ್ ಮೆತ್ತಿದ್ದರೆ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಪಕ್ಕದಲ್ಲಿ ಉಪ್ಪು ಒಡೆದು ಬರುತ್ತದೆ. ಅದು ನಿಲ್ಲುವ ತನಕ ಎಂಥ ಬಣ್ಣ ಹೊಡೆದರೂ ಸುಮ್ನೆ ದಂಡ.

ಇನ್ನು ಆ ಹಸಿರು. ಹಳೇ ಬಣ್ಣಗಳಲ್ಲಿ ಸೀಸ ಇರಬಹುದು, 19ನೇ ಶತಮಾನದ ಕೆಲವು ಹಸಿರುಗಳಲ್ಲಿ ಆರ್ಸೆನಿಕ್ ಕೂಡ. ಹಾಗಾಗಿ ಒಂದು ಚಕ್ಕೆಯನ್ನು ಲ್ಯಾಬ್‌ಗೆ ಕಳಿಸಿ, ಒಣಗಿದ್ದನ್ನು ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ. ಆಮೇಲೆ ತಿಳಿದವರ ಕೈಯಲ್ಲಿ, ಬಾಗಿಲ ಹಿಂದಿನ ಮೂಲೆಯಲ್ಲಿ, ಅಂಗಿ ಗುಂಡಿಯಷ್ಟು ಜಾಗವನ್ನು ಒದ್ದೆ ಉಪ್ಪುಕಾಗದದಿಂದ ನಿಧಾನಕ್ಕೆ ತಿಕ್ಕಿಸಿ. ಪದರಗಳು ಮರದ ಉಂಗುರದ ಹಾಗೆ ಒಂದರೊಳಗೊಂದು ಕಾಣುತ್ತವೆ. ಲೆನ್ಸ್ ಹಿಡಿದರೆ ಎರಡು ಬಣ್ಣದ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಸಿಗಬಹುದು. ಅದು ಹೊಗೆ, ಧೂಳು. ಅಂದರೆ ಕೆಳಗಿನ ಬಣ್ಣ ವರ್ಷಗಟ್ಟಲೆ ಜನರ ಕಣ್ಣ ಮುಂದಿತ್ತು. ಗೆರೆ ಇಲ್ಲದಿದ್ದರೆ ಅದು ಬರೀ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ಅಡಿಲೇಪ, ಇರಬಹುದು.

ಇನ್ನೊಂದು ಮಾತು. ಎಣ್ಣೆ ಬಣ್ಣ ಕತ್ತಲಲ್ಲಿ ಮುಚ್ಚಿಹೋದರೆ ಅದರ ಎಣ್ಣೆ ಹಳದಿಯಾಗುತ್ತದೆ. ನಿಮ್ಮ ಹಸಿರು ಒಂದು ಕಾಲಕ್ಕೆ ನೀಲಿಯೇ ಆಗಿದ್ದಿರಬಹುದು! ತೆರೆದ ಜಾಗಕ್ಕೆ ಕೆಲವು ವಾರ ಬೆಳಕು ಬೀಳಲಿ, ಆಮೇಲೆ ಶೇಡ್ ಹೊಂದಿಸಿ. ಹಳೇ ಸ್ಮಾರಕಗಳ ಸಂರಕ್ಷಣೆಗೆಂದು ಮಾಡಿದ ಅಂತರರಾಷ್ಟ್ರೀಯ ಒಪ್ಪಂದ, 1964ರ ವೆನಿಸ್ ಚಾರ್ಟರ್ ಹೇಳುವುದೂ ಇದನ್ನೇ: ಊಹೆ ಎಲ್ಲಿ ಶುರುವೋ ಅಲ್ಲಿ ರಿಸ್ಟೋರೇಶನ್ ನಿಲ್ಲಬೇಕು.

ಪ್ರಶ್ನೆ: ಅರ್ಥವಾಯಿತು ಮೇಡಂ, ತಡೆದು ನಿಲ್ಲಿಸುತ್ತೇನೆ. ಕುರ್ಚಿಗಳ ರೇಷ್ಮೆ ಮುಟ್ಟಿದರೆ ಪುಡಿಯಾಗುತ್ತಿದೆ. ಕಿತ್ತು ಹೊಸದು ಹಾಕಿಸಲೇ? ಮರಕ್ಕೂ ಪಾಲಿಶ್ ಹೊಡೆಸಬೇಕಂತೆ.

ಉತ್ತರ: ಕಿತ್ತರೆ ಹೋಯಿತು, ಅಲ್ವಾ? ಅದರ ಮೇಲೆ ಅದೇ ಬಣ್ಣದ ತೆಳ್ಳನೆ ನೆಟ್ ಹೊಲಿಸಿ ಹಿಡಿದಿಡಬಹುದು. ಬಟ್ಟೆ ಪೂರ್ತಿ ಹೋಗಿರುವ ಕುರ್ಚಿಯಲ್ಲಿ ಮೊಳೆ ತಲೆಯ ಅಡಿ ಹುಡುಕಿ. ಅಲ್ಲಿ ಸಿಕ್ಕಿಕೊಂಡ ನಾಲ್ಕು ಎಳೆಗೆ ಬಿಸಿಲು ತಾಗಿರುವುದಿಲ್ಲ, ಮೊದಲಿನ ಬಣ್ಣ ಹಾಗೇ ಉಳಿದಿರುತ್ತದೆ. ನನಗಂತೂ ಅಂಥ ಎಳೆ ಸಿಕ್ಕ ದಿನ ಊಟ ಮರೆತುಹೋಗುತ್ತದೆ. ಫೋಟೊ ತೆಗೆದು, ಯಾವ ಕುರ್ಚಿಯದು ಅಂತ ಬರೆದು, ಜೋಪಾನ ಮಾಡಿ.

ಮರದ ಹಳೇ ಪಾಲಿಶ್ ಬಹುಶಃ ಅರಗಿನದು. ಸ್ಪಿರಿಟ್ ತಾಗಿದರೆ ಕರಗಿ ಹೋಗುತ್ತದೆ. ಸದ್ಯಕ್ಕೆ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಇವತ್ತೇ ಮಾಡಬೇಕಾದ್ದು ಕಿಟಕಿ ಮುಚ್ಚುವುದು. ರೇಷ್ಮೆಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೇಡ.